ಪುಲಿಗೆರೆಯ ಹೆಸರು, ಲಕ್ಷ್ಮೇಶ್ವರದ ಊರು

ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಪುಲಿಗೆರೆಯ ಹೆಸರು ಕೇಳದ ವರ್ಷವಿಲ್ಲ. ಕವಿರಾಜಮಾರ್ಗದ ಪಾಠದಲ್ಲಿ ಒಮ್ಮೆ, ಪಂಪನ ಪಾಠದಲ್ಲಿ ಮತ್ತೊಮ್ಮೆ, ಹರಿಹರ-ರಾಘವಾಂಕರ ಸಂದರ್ಭದಲ್ಲಿ ಇನ್ನೊಮ್ಮೆ ಅದು ಬಂದುಹೋಗುತ್ತದೆ. ಆದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಎಂಬ ಪುರಸಭೆಯ ಊರು ಈ ತರಗತಿಗಳಲ್ಲಿ ಕಾಣಿಸಿಕೊಳ್ಳುವುದು ಕಂಸದೊಳಗಿನ ಟಿಪ್ಪಣಿಯಾಗಿ ಮಾತ್ರ: 'ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ'. ಈ ಸಮೀಕರಣ ಸ್ಥಳನಿರ್ದೇಶನಕ್ಕೆ ಸಾಕು. ಚರಿತ್ರೆಗೆ ಸಾಲದು. ಒಂದು ಊರಿನ ಕೀರ್ತಿಯೇ ಆ ಊರಿನ ಅಧ್ಯಯನಕ್ಕೆ ಅಡ್ಡಿಯಾಗಬಲ್ಲದು ಎಂಬುದಕ್ಕೆ ಲಕ್ಷ್ಮೇಶ್ವರದಷ್ಟು ಸ್ಪಷ್ಟವಾದ ನಿದರ್ಶನ ಕನ್ನಡನಾಡಿನಲ್ಲಿ ಮತ್ತೊಂದು ದೊರೆಯುವುದು ಕಷ್ಟ.

ಊರಿನ ನೆಲೆಯಿಂದಲೇ ಆರಂಭಿಸುವುದು ಉಚಿತ. ಗದಗಿನಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರು, ಹುಬ್ಬಳ್ಳಿಯಿಂದ ಆಗ್ನೇಯಕ್ಕೆ ಸುಮಾರು 55 ಕಿಲೋಮೀಟರು ದೂರದಲ್ಲಿ ಲಕ್ಷ್ಮೇಶ್ವರವಿದೆ. 2001ರ ಜನಗಣತಿಯಲ್ಲಿ ಅದರ ಜನಸಂಖ್ಯೆ 33 ಸಾವಿರದ ಆಸುಪಾಸಿನಲ್ಲಿತ್ತು. ಬಹುಕಾಲ ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಊರು 2018ರಲ್ಲಿ ಪ್ರತ್ಯೇಕ ತಾಲ್ಲೂಕಿನ ಕೇಂದ್ರವಾಯಿತು. ಪಶ್ಚಿಮ ಮತ್ತು ಉತ್ತರದ ಕಡೆಗೆ ಎರೆನೆಲ; ಪೂರ್ವಕ್ಕೆ ಹೋದಂತೆ ಮಸಾರಿ ಮಣ್ಣು ಹೆಚ್ಚುತ್ತ ಕಪ್ಪತಗುಡ್ಡದ ಸಾಲು ಎದುರಾಗುತ್ತದೆ. ಹಳ್ಳಗಳು ತುಂಗಭದ್ರೆಯ ಕಡೆಗೆ ಇಳಿಯುತ್ತವೆ. ಉತ್ತರಕ್ಕೆ ಇನ್ನಷ್ಟು ದೂರ ಸಾಗಿದರೆ ಮಲಪ್ರಭೆಯ ಜಲಾನಯನ. ಎರಡು ನದಿಗಳ ನಡುವೆ, ಎರಡು ಬಗೆಯ ಮಣ್ಣುಗಳ ಅಂಚಿನಲ್ಲಿ ನಿಂತಿರುವ ಈ ಊರು ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿಗಳ ಪೇಟೆಯಾಗಿ ಬೆಳೆದದ್ದು ಸಹಜ.

ಈ ಅಂಚಿನ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕವಿರಾಜಮಾರ್ಗದ ಪ್ರಸಿದ್ಧ ಪದ್ಯವನ್ನು ಓದಿದರೆ ಒಂದು ಅಂಶ ತಟ್ಟನೆ ಗೋಚರಿಸುತ್ತದೆ. 9ನೆಯ ಶತಮಾನದ ಆ ಕೃತಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಸ್ಥಳಗಳ ನಡುವಣ ನಾಡನ್ನು ಕನ್ನಡದ ತಿರುಳು ಎನ್ನುತ್ತದೆ. ನಾಲ್ಕು ಊರುಗಳು ಅಲ್ಲಿ ಮೂಲೆಗಲ್ಲುಗಳು. ತಿರುಳು ಅವುಗಳ ನಡುವಿನದು. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಕೊಪ್ಪಳ, ಒಕ್ಕುಂದವನ್ನು ಬೈಲಹೊಂಗಲ ಸೀಮೆಯ ವಕ್ಕುಂದವೆಂದು ಗುರುತಿಸಲಾಗಿದೆ. ನಕ್ಷೆಯ ಮೇಲೆ ಇವನ್ನು ಸೇರಿಸಿ ಗೆರೆ ಎಳೆದರೆ ಉತ್ತರದ ಮೂಲೆ ಪಟ್ಟದಕಲ್ಲು, ಪೂರ್ವದ್ದು ಕೊಪ್ಪಳ, ಪಶ್ಚಿಮದ್ದು ಒಕ್ಕುಂದ. ದಕ್ಷಿಣದ ತುದಿಯಲ್ಲಿ ಪುಲಿಗೆರೆ. ಪಟ್ಟದಕಲ್ಲಿಗೂ ಲಕ್ಷ್ಮೇಶ್ವರಕ್ಕೂ ನೇರ ದೂರ ಹೆಚ್ಚುಕಡಿಮೆ 100 ಕಿಲೋಮೀಟರು. ಈ ಚತುಷ್ಕೋನದ ನಡುಭಾಗಕ್ಕೆ ಬೀಳುವುದು ಗದಗ, ಅಣ್ಣಿಗೇರಿ, ರೋಣ, ನವಲಗುಂದಗಳ ಎರೆಬಯಲು. ಅಂದರೆ ಶಾಸನಗಳ ಬೆಳ್ವೊಲ ಮುನ್ನೂರು. ಕವಿರಾಜಮಾರ್ಗದ ಭೂಗೋಳದ ಪ್ರಕಾರ ತಿರುಳಿಗೆ ಬೆಳ್ವೊಲವೇ ನಡು. ಪುಲಿಗೆರೆ ಅದರ ದಕ್ಷಿಣದ ಅಗಸಿ.

ಸುಮಾರು ಒಂದು ಶತಮಾನದ ಅನಂತರ, 941ರ ವಿಕ್ರಮಾರ್ಜುನ ವಿಜಯದಲ್ಲಿ, ಪಂಪ ತನ್ನ ಕನ್ನಡವನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುಕೊಂಡಾಗ ಮೂಲೆಯು ನಡುವಾಗಿ ಮಾರ್ಪಟ್ಟಿತು. ಇದು ಕವಿಯ ಮಾತು, ಅದರಲ್ಲಿ ಅಭಿಮಾನವಿದೆ. ಪಂಪನು ಈ ಮಾತನ್ನು ಹೇಳಿದ್ದು ಪುಲಿಗೆರೆಯಲ್ಲಿ ಕುಳಿತಲ್ಲ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಅವನ ತಾಯಿಯ ಕಡೆಯವರು ಅಣ್ಣಿಗೇರಿಯವರು, ಅಂದರೆ ಬೆಳ್ವೊಲದವರು. ದೂರದ ಆಸ್ಥಾನದಲ್ಲಿದ್ದ ಕವಿಗೆ ಬೆಳ್ವೊಲಕ್ಕಿಂತ ಪುಲಿಗೆರೆಯ ಹೆಸರೇ ಪ್ರಮಾಣವಾಗಿ ಒದಗಿತೇಕೆ ಎಂಬ ಪ್ರಶ್ನೆ ಕೇಳಬೇಕಾದದ್ದು. ಆ ಊರಿನ ಜೈನ ವಿದ್ಯಾಪರಂಪರೆ, ಬಸದಿಗಳ ವೈಭವ ಅದಕ್ಕೆ ಕಾರಣವಿರಬಹುದು. ಆದರೆ ಸಾಹಿತ್ಯ ಚರಿತ್ರೆಕಾರರು ಎರಡು ಉಲ್ಲೇಖಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಒಂದೇ ಮಾತನ್ನು ಹೇಳುತ್ತವೆಂಬಂತೆ ಪಾಠ ಒಪ್ಪಿಸುತ್ತ ಬಂದಿದ್ದಾರೆ. ಭೂಗೋಳವನ್ನು ಬದಿಗಿಟ್ಟ ಓದಿನ ಫಲವಿದು.

ಊರಿನ ಹೆಸರಿನ ನಿಷ್ಪತ್ತಿಯ ವಿಚಾರವೂ ಹೀಗೆಯೇ ಅವಸರದಲ್ಲಿ ಮುಗಿದಿದೆ. ಪುಲಿ ಎಂದರೆ ಹುಲಿ, ಆದ್ದರಿಂದ ಹುಲಿಯ ಕೆರೆ ಎಂಬ ವಿವರಣೆ ಎಲ್ಲೆಡೆ ಚಾಲ್ತಿಯಲ್ಲಿದೆ. 8ನೆಯ ಶತಮಾನದ ಸ್ತಂಭಶಾಸನದಲ್ಲಿ ಊರಿನ ಹೆಸರು 'ಪೊರಿಗೆರೆ' ಎಂದಿದೆ. ಮುಂದಿನ ಶಾಸನಗಳಲ್ಲಿ ಪುರಿಗೆರೆ, ಪುಲಿಗೆರೆ ಎರಡೂ ಬರುತ್ತವೆ. ಸಂಸ್ಕೃತೀಕರಣಗೊಂಡು ಪುರಿಕರ, ಪುಲಿಕರ ಎಂಬ ರೂಪಗಳೂ ಇವೆ. ರೇಫವಿರುವ ರೂಪವು ಇಷ್ಟು ಪ್ರಾಚೀನವಾಗಿರುವಾಗ ಹುಲಿಯನ್ನು ಮೊದಲಿಗೇ ಕರೆತರುವುದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಸ್ಥಳನಾಮ ಅಧ್ಯಯನಕಾರರು ಪರಿಶೀಲಿಸಬೇಕು. ಸಂದೇಹವಿಲ್ಲದ ಸಂಗತಿ ಒಂದೇ: ಹೆಸರಿನ ಉತ್ತರಪದ ಕೆರೆ. ಇನ್ನು ಲಕ್ಷ್ಮೇಶ್ವರ ಎಂಬ ಹೆಸರನ್ನು, 11ನೆಯ ಶತಮಾನದಲ್ಲಿ ಕಲ್ಯಾಣ ಚಾಳುಕ್ಯರ ಅಧೀನದಲ್ಲಿ ಬೆಳ್ವೊಲ-ಪುಲಿಗೆರೆಗಳನ್ನು ಆಳಿದ ಮಹಾಮಂಡಲೇಶ್ವರ ಲಕ್ಷ್ಮರಸನೊಂದಿಗೆ ಕೂಡಿಸುವ ಊಹೆಯಿದೆ. ಊಹೆಯನ್ನು ಊಹೆಯೆಂದೇ ಬರೆಯುವುದು ಲೇಸು.

ಮೇಲೆ ಹೆಸರಿಸಿದ ಸ್ತಂಭಶಾಸನವೇ ಈ ಊರಿನ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಸಾಮಗ್ರಿ. ಕನ್ನಡ ವಿಭಾಗಗಳು ಅದನ್ನು ಅಷ್ಟೇ ಕಡೆಗಣಿಸಿವೆ. ಬಾದಾಮಿ ಚಾಳುಕ್ಯ ವಿಜಯಾದಿತ್ಯನ ಮಗ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, ಸುಮಾರು 725ರಲ್ಲಿ, ಪೊರಿಗೆರೆಯ ಮಹಾಜನಕ್ಕೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ ಇದು. ಎಲ್.ಡಿ. ಬಾರ್ನೆಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅರಸನು ಬ್ರಾಹ್ಮಣನಿಗೋ ದೇವಾಲಯಕ್ಕೋ ಭೂಮಿ ಕೊಟ್ಟ ದಾನಪತ್ರದ ಜಾತಿಗೆ ಇದು ಸೇರಿದ್ದಲ್ಲ. ಒಂದು ಪಟ್ಟಣವು ಅರಸೊತ್ತಿಗೆಯೊಡನೆ ಯಾವ ಕಟ್ಟಳೆಯಲ್ಲಿ ಬಾಳಬೇಕು ಎಂಬುದನ್ನು ಗೊತ್ತುಪಡಿಸುವ ಬರಹ. ರಾಜಪುರುಷರು ರಾಜದತ್ತಿಗಳನ್ನೂ ತಾಮ್ರಶಾಸನಗಳನ್ನೂ ಸಜ್ಜನರ ಸಾಕ್ಷ್ಯವನ್ನೂ ಅನುಭೋಗದಲ್ಲಿರುವ ಆಸ್ತಿಯನ್ನೂ ಮನ್ನಿಸಬೇಕು. ಮನೆತನಗಳು ತಮ್ಮ ಸ್ಥಿತಿಗತಿಗೆ ತಕ್ಕಂತೆ ಹಂತಹಂತವಾದ ತೆರಿಗೆಯನ್ನು ಗೊತ್ತಾದ ಕಾಲದಲ್ಲಿ ತೆರಬೇಕು. ಕಳವು ಮತ್ತಿತರ ಅಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು ಇವುಗಳ ವಿಲೇವಾರಿಯಲ್ಲಿ ಶ್ರೇಣಿಯ ಪಾತ್ರವೇನು ಎಂಬಂಥ ವಿವರಗಳು ಅದರಲ್ಲಿವೆ.

ಪುರಸಭೆ ಎಂಬ ಪದವನ್ನು ಮುಂದಿಟ್ಟುಕೊಂಡು 'ನಾಡಿನ ಮೊದಲ ಪುರಸಭೆ' ಎಂದು ಘೋಷಿಸುವ ಉತ್ಸಾಹ ಇಲ್ಲಿ ಹುಟ್ಟುವುದು ಸಹಜ. ಆ ಉತ್ಸಾಹಕ್ಕೆ ಕಡಿವಾಣ ಬೇಕು. ಶಾಸನದ 'ನಗರ' ವಣಿಕಸಮೂಹದ ಸಂಸ್ಥೆ. ಮಹಾಜನವೆಂಬುದು ಬ್ರಾಹ್ಮಣ ಸಮುದಾಯದ ಮಂಡಳಿ. ಹದಿನೆಂಟು ಪ್ರಕೃತಿ ಎಂಬಲ್ಲಿ ಕಸುಬಿನ ಸಮುದಾಯಗಳ ಸೂಚನೆಯಿದೆ, ಆದರೆ ಅದು ಎಣಿಕೆಯೋ ರೂಢಿಯ ಮಾತೋ ಎಂಬುದು ವಿಚಾರಣೀಯ. ಇವುಗಳಲ್ಲಿ ಯಾವುದೂ ಊರಿನ ಎಲ್ಲ ನಿವಾಸಿಗಳ ಪ್ರತಿನಿಧಿ ಸಭೆಯಲ್ಲ. 19ನೆಯ ಶತಮಾನದ ಬ್ರಿಟಿಷ್ ಕಾಯಿದೆಗಳಿಂದ ಇಳಿದುಬಂದ ಪುರಸಭೆಗೂ ಈ ವ್ಯವಸ್ಥೆಗೂ ನೇರ ಸಂಬಂಧ ಕಲ್ಪಿಸುವುದು ಚರಿತ್ರೆಯ ಮೇಲಿನ ಬಲಾತ್ಕಾರ. ಆದರೂ ಒಂದು ಮಾತು ನಿಲ್ಲುತ್ತದೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಈ ಊರು ಬರವಣಿಗೆಯ ಮೂಲಕ ಅಧಿಕಾರವನ್ನು ಗಡಿಯೊಳಗೆ ನಿಲ್ಲಿಸುವ ಕ್ರಮವನ್ನು ಕಂಡಿತ್ತು, ಅದೂ ಕನ್ನಡದಲ್ಲಿ.

ಕನ್ನಡದಲ್ಲಿ ಎಂಬ ಮಾತಿಗೆ ಇಲ್ಲಿ ವಿಶೇಷ ತೂಕವಿದೆ. ಹಲ್ಮಿಡಿ ಶಾಸನ, ಕಪ್ಪೆ ಅರಭಟ್ಟನ ಶಾಸನ, ಶ್ರವಣಬೆಳಗೊಳದ ನಿಸಿದಿ ಬರಹಗಳು, ಅಲ್ಲಿಂದ ಒಮ್ಮೆಲೇ ಕವಿರಾಜಮಾರ್ಗ, ವಡ್ಡಾರಾಧನೆ: ಪ್ರಾಚೀನ ಕನ್ನಡದ ಪಠ್ಯಕ್ರಮಗಳು ಸಾಮಾನ್ಯವಾಗಿ ಹಿಡಿಯುವ ಹಾದಿ ಇದು. ಗದ್ಯದ ಉಗಮವನ್ನು ಚರ್ಚಿಸುವಾಗ ಧಾರ್ಮಿಕ ಕಥನವೇ ಮಾದರಿಯಾಗಿ ಬರುತ್ತದೆ. ಕವಿರಾಜಮಾರ್ಗಕ್ಕಿಂತ ಶತಮಾನಕ್ಕೂ ಮಿಗಿಲಾಗಿ ಮೊದಲಿನ, ತೆರಿಗೆ-ದಂಡ-ಸ್ವತ್ತುಗಳ ಲೌಕಿಕ ವ್ಯವಹಾರವನ್ನು ವಿಸ್ತಾರವಾಗಿ ನಿರ್ವಹಿಸುವ ಈ ಗದ್ಯವು ಶಾಸನಶಾಸ್ತ್ರದ ಐಚ್ಛಿಕ ಪತ್ರಿಕೆಯ ಆಚೆಗೆ ಬರುವುದೇ ಇಲ್ಲ. ತಿರುಳ್ಗನ್ನಡದ ಬಗ್ಗೆ ಕವಿಗಳು ಆಡಿದ ಪ್ರಶಂಸೆಯನ್ನು ಬೋಧಿಸುವ ವಿಭಾಗಗಳು, ಆ ಊರಿನಲ್ಲೇ ಕಂಡರಿಸಿದ ಕನ್ನಡವನ್ನು ಬೋಧಿಸದಿರುವುದು ಸೋಜಿಗ.

ಪುಲಿಗೆರೆಯ ಜೈನ ಶಾಸನಗಳ ಸಮಸ್ಯೆ ಬೇರೆ ಬಗೆಯದು. ವಿನಯಾದಿತ್ಯ, ವಿಜಯಾದಿತ್ಯ, ಇಮ್ಮಡಿ ವಿಕ್ರಮಾದಿತ್ಯರು ಇಲ್ಲಿನ ಬಸದಿಗಳಿಗೆ ಕೊಟ್ಟ ದತ್ತಿಗಳೆಂದು ಹೇಳುವ ಬರಹಗಳು 10ನೆಯ ಶತಮಾನದ ಲಿಪಿಯಲ್ಲಿವೆ. ಗಂಗ ಮಾರಸಿಂಹನ 968ರ ದತ್ತಿಯ ಬರಹವೂ ಅದೇ ಗುಂಪಿಗೆ ಸೇರುತ್ತದೆ. ಜೆ.ಎಫ್. ಫ್ಲೀಟರು 1878ರಷ್ಟು ಹಿಂದೆಯೇ ಇಂಡಿಯನ್ ಆಂಟಿಕ್ವೆರಿಯಲ್ಲಿ ಇವನ್ನು ಪ್ರಕಟಿಸುತ್ತ, ಚಾಳುಕ್ಯ ಬರಹಗಳು ಸಮಕಾಲೀನವಲ್ಲವೆಂದು ತೋರಿಸಿದರು. ಅಲ್ಲಿಂದ ಮುಂದೆ ಚರ್ಚೆ 'ಅಸಲಿಯೋ ನಕಲಿಯೋ' ಎಂಬ ಪ್ರಶ್ನೆಯ ಸುತ್ತಲೇ ತಿರುಗಿದೆ. ಹಳೆಯ ದತ್ತಿಗಳನ್ನು ಹುಡುಕಿ, ನಕಲು ಮಾಡಿ, ಹೊಸ ದತ್ತಿಯ ಜೊತೆಗೆ ಕಲ್ಲಿಗೆ ಇಳಿಸುವ ಅಗತ್ಯ 10ನೆಯ ಶತಮಾನದ ಬಸದಿಗೆ ಏಕೆ ಬಂತು ಎಂಬುದು ಅದಕ್ಕಿಂತ ಫಲಪ್ರದವಾದ ಪ್ರಶ್ನೆ. ಅನುಭೋಗವನ್ನೂ ತಾಮ್ರಪಟವನ್ನೂ ಮನ್ನಿಸಬೇಕೆಂಬ ಕಟ್ಟಳೆಯಿದ್ದ ಊರಿನಲ್ಲಿ ದಾಖಲೆಯೇ ಆಸ್ತಿಯ ಕಾವಲು. ಗುಡಿಗೆರೆಯ 1076-77ರ ಶಾಸನ ಇದಕ್ಕೆ ಪೂರಕವಾಗಿದೆ. ಚಾಳುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಪುರಿಗೆರೆಯಲ್ಲಿ ಆನೆಸೆಜ್ಜೆಯ ಬಸದಿಯನ್ನು ಮಾಡಿಸಿದ ಸಂಗತಿಯನ್ನು, ಮೂರೂವರೆ ಶತಮಾನಗಳ ಅನಂತರ ಬೇರೊಂದು ಊರಿನ ಕಲ್ಲು ನೆನಪಿಸಿಕೊಳ್ಳುತ್ತದೆ, ಏಕೆಂದರೆ ಆ ಊರಿನ ಭೂಮಿ ಆ ಬಸದಿಗೆ ಸೇರಿದ್ದಿತು. ಪಟ್ಟಣದ ಚರಿತ್ರೆ ಪಟ್ಟಣದ ಎಲ್ಲೆಯೊಳಗೆ ಮಾತ್ರ ಇರುವುದಿಲ್ಲ. ಸುತ್ತಣ ಹಳ್ಳಿಗಳ ಹೊಲಗಳಲ್ಲಿಯೂ ಅದು ಬಿದ್ದಿರುತ್ತದೆ.

ಸೋಮೇಶ್ವರ ದೇವಾಲಯ ಮತ್ತು ಆದಯ್ಯನ ಕಥೆಗಳ ವಿಷಯದಲ್ಲಿ ಸಾಹಿತ್ಯದ ಅಧ್ಯಯನ ಸಾಕಷ್ಟು ನಡೆದಿದೆ. ಹರಿಹರನ ಆದಯ್ಯನ ರಗಳೆ, ರಾಘವಾಂಕನ ಸೋಮನಾಥ ಚಾರಿತ್ರಗಳು ಶೈವ-ಜೈನ ಸಂಘರ್ಷದ ಪಠ್ಯಗಳಾಗಿ ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ಅದರ ವಿಸ್ತಾರ ಇಲ್ಲಿ ಬೇಡ. ಆದಯ್ಯನು ಸೌರಾಷ್ಟ್ರದಿಂದ ಬಂದ ವ್ಯಾಪಾರಿ ಎಂಬ ಅಂಶಕ್ಕೆ ಮಾತ್ರ ಸಲ್ಲಬೇಕಾದ ಗಮನ ಸಂದಿಲ್ಲ. ಕಥೆಯಲ್ಲಿ ದೇವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬರುವ ಮೊದಲು ಸರಕು ಬಂದಿದೆ. ಎರೆಯ ಸೀಮೆಯ ಪೇಟೆಯೊಂದು ಪಶ್ಚಿಮ ಭಾರತದ ವಣಿಕರನ್ನು ಸೆಳೆಯುತ್ತಿತ್ತೆಂಬ ನೆನಪನ್ನು ಭಕ್ತಿಕಾವ್ಯ ಉಳಿಸಿಕೊಂಡಿದೆ. ಸಂಘರ್ಷದ ಓದು ಈ ಸಾಮಾನ್ಯ ಸಂಗತಿಯನ್ನು ಮರೆಮಾಡಿತು. ಇಂದು ಶಂಖ ಬಸದಿ, ಸೋಮೇಶ್ವರ ಗುಡಿ, ದೂದಪೀರರ ದರ್ಗಾ ಮೂರೂ ಒಂದೇ ಸಣ್ಣ ಪಟ್ಟಣದೊಳಗೆ ನಡಿಗೆಯ ದೂರದಲ್ಲಿವೆ.

ದರ್ಗಾದ ಮಾತು ಬಂದುದರಿಂದ ಊರಿನ ಚರಿತ್ರೆಯ ದೊಡ್ಡ ಕಂದರವನ್ನು ಇಲ್ಲಿಯೇ ಹೇಳಬೇಕು. ಬಹುಪಾಲು ಬರಹಗಳಲ್ಲಿ ಪುಲಿಗೆರೆಯ ಚರಿತ್ರೆ 13ನೆಯ ಶತಮಾನಕ್ಕೆ ನಿಂತುಹೋಗುತ್ತದೆ. ಅನಂತರದ ಆರೇಳು ಶತಮಾನಗಳಿಗೆ ಒಂದು ಪುಟ, ಕೆಲವೊಮ್ಮೆ ಒಂದು ಪ್ಯಾರಾ. ಆದಿಲಶಾಹಿ ಕಾಲದಲ್ಲಿ ಅಂಕುಶಖಾನನ ಹೆಸರಿನೊಂದಿಗೆ ಕೂಡಿಬರುವ, 1617ರ ಜುಮ್ಮಾ ಮಸೀದಿ ಊರಿನ ಗಮನಾರ್ಹ ಕಟ್ಟಡಗಳಲ್ಲೊಂದು. ನೆರೆಯ ಶಿರಹಟ್ಟಿಯ ಕೋಟೆಯನ್ನು ಅಂಕುಶಖಾನನೂ ಕಟ್ಟಿಸಿರಬಹುದು, ದೇಸಾಯಿ ಖಾನಗೌಡನೂ ಕಟ್ಟಿಸಿರಬಹುದು ಎಂಬ ಹೇಳಿಕೆಗಳಿವೆ. ಖಾನ ಮತ್ತು ಗೌಡ ಎಂಬೆರಡು ಪದಗಳು ಒಬ್ಬನ ಹೆಸರಿನಲ್ಲಿ ಕೂಡಿರುವುದೇ ಆ ಕಾಲದ ಸಮಾಜವನ್ನು ಕುರಿತ ಒಂದು ದಾಖಲೆ. ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಪರಂಪರೆಯನ್ನು ಇದರ ಜೊತೆಗಿಟ್ಟು ಅಭ್ಯಾಸ ಮಾಡಬೇಕು. ಪರ್ಷಿಯನ್ ಬಲ್ಲವರ ನೆರವಿಲ್ಲದೆ ಈ ಕೆಲಸ ಸಾಗದು. ಆದರೆ ಭಾಷೆ ಬಾರದಿರುವುದನ್ನು ಚರಿತ್ರೆಯೇ ಇಲ್ಲದಿರುವಂತೆ ಬರೆಯುವುದು ಸಂಶೋಧನೆಯಲ್ಲ.

ಆಧುನಿಕ ಕಾಲಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು, ಆಸಕ್ತಿಯೂ ಹೆಚ್ಚು. ಮರಾಠರ ಆಳ್ವಿಕೆಯಲ್ಲಿ ಪಟವರ್ಧನರ ಕೈಸೇರಿದ ಈ ಸೀಮೆ, 1820ರಲ್ಲಿ ಮಿರಜ ಸಂಸ್ಥಾನ ಒಡೆದಾಗ ಹಿರಿಯ ಶಾಖೆಗೆ ಬಂತು. ಕೆಲವೇ ಮೈಲಿ ಪಶ್ಚಿಮದ ಗುಡಗೇರಿ, ಮೇಲೆ ಹೇಳಿದ ಶಾಸನದ ಗುಡಿಗೆರೆ, ಕಿರಿಯ ಶಾಖೆಗೆ ಹೋಯಿತು. ಶಿರಹಟ್ಟಿ ಸಾಂಗ್ಲಿಯದು, ಕುಂದಗೋಳ ಜಮಖಂಡಿಯದು, ಸವಣೂರು ನವಾಬರದು, ಗದಗ ಬ್ರಿಟಿಷರದು. ಒಂದು ದಿನದ ಎತ್ತಿನಗಾಡಿಯ ಪಯಣದಲ್ಲಿ ಐದಾರು ಆಡಳಿತಗಳನ್ನು ದಾಟಬೇಕಾದ ಸೀಮೆ ಇದು. ಪುಲಿಗೆರೆ ಮುನ್ನೂರು ಎಂಬ ಒಂದು ಆಡಳಿತ ಘಟಕವಾಗಿದ್ದ ಭೂಮಿ ಚೂರುಚೂರಾಗಿತ್ತು. ಮುನ್ನೂರು ಎಂದರೆ ಹಳ್ಳಿಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂದು ವಾದಿಸುವ ವಿದ್ವತ್ತು, ಅದು ಹೇಗೆ ಒಡೆಯಿತು ಎಂಬ ಪ್ರಶ್ನೆಗೆ ಅಷ್ಟು ಶ್ರಮ ವ್ಯಯಿಸಿಲ್ಲ. 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರಿನ ಅಂಕಿಅಂಶಗಳು ಬ್ರಿಟಿಷ್ ತಾಲ್ಲೂಕುಗಳನ್ನು ಕುರಿತವು. ಆ ಸಂಪುಟವನ್ನೇ ಆಧಾರವಾಗಿಟ್ಟುಕೊಂಡ ಅಧ್ಯಯನಕ್ಕೆ ಜಾಗೀರಿನ ಊರಿನ ಭೂಕಂದಾಯ, ಶಾಲೆ, ಪೇಟೆ ಕಾಣಿಸದಿದ್ದರೆ ಆಶ್ಚರ್ಯವಿಲ್ಲ. ಸಂಸ್ಥಾನದ ಬರವಣಿಗೆ ಮರಾಠಿಯದು, ಬಹುಪಾಲು ಮೋಡಿ ಲಿಪಿಯದು. ಹಳಗನ್ನಡ ಲಿಪಿಯನ್ನು ಕಲಿಸುವ ವಿಭಾಗಗಳು ಮೋಡಿಯನ್ನೂ ಕಲಿಸಬೇಕಾದ ಕಾರಣ ಇಲ್ಲಿದೆ. ಮುಂಬಯಿ ಕರ್ನಾಟಕದ ಯಾವ ಸಂಸ್ಥಾನದ ಊರನ್ನು ತೆಗೆದುಕೊಂಡರೂ ಇದೇ ಮಾತು ಅನ್ವಯಿಸುತ್ತದೆ.

ಈ ಗಡಿಗಳ ಪರಿಣಾಮ ಕಾಗದದಲ್ಲಿ ಮಾತ್ರ ಉಳಿಯಲಿಲ್ಲ. ರೈಲುಹಾದಿ ಊರನ್ನು ಮುಟ್ಟದೆ ಪಶ್ಚಿಮದಲ್ಲಿ ಗುಡಗೇರಿ, ಯಲವಿಗಿಗಳ ಮೂಲಕ ಹಾದುಹೋಯಿತು. ಗದಗ-ಯಲವಿಗಿ ಹಾದಿ ಈ ಭಾಗದ ಬಹುಕಾಲದ ಬೇಡಿಕೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಊರು ಧಾರವಾಡ ಜಿಲ್ಲೆಗೆ ಸೇರಿತು. 1956ರಲ್ಲಿ ಕನ್ನಡ ರಾಜ್ಯಕ್ಕೆ. 1997ರಲ್ಲಿ ಹೊಸ ಗದಗ ಜಿಲ್ಲೆಗೆ. ಎಪ್ಪತ್ತು ವರ್ಷಗಳಲ್ಲಿ ಊರು ಕದಲದೆಯೇ ಅದರ ಮೇಲಿನ ಕಚೇರಿಗಳು ನಾಲ್ಕು ಬಾರಿ ಬದಲಾದವು. ಸಂಸ್ಥಾನದಲ್ಲಿ ತಾಲ್ಲೂಕಿನ ಕೇಂದ್ರವಾಗಿದ್ದ ಊರು ಆ ಸ್ಥಾನವನ್ನು ಕಳೆದುಕೊಂಡು ಮತ್ತೆ 2018ರಲ್ಲಿ ಪಡೆಯಿತು. ತಾಲ್ಲೂಕಿಗಾಗಿ ನಡೆದ ದೀರ್ಘ ಒತ್ತಾಯದಲ್ಲಿ ಈ ನೆನಪಿನ ಪಾಲು ಎಷ್ಟೆಂಬುದು ಮೌಖಿಕ ಚರಿತ್ರೆಯ ಅಧ್ಯಯನಕ್ಕೆ ತಕ್ಕ ವಿಷಯ.

ಕೆರೆಯ ಹೆಸರಿನ ಊರಿಗೆ ಇಂದು ಕುಡಿಯುವ ನೀರು ಬರುವುದು ದೂರದ ತುಂಗಭದ್ರೆಯಿಂದ. ಊರಿನಿಂದ ಹತ್ತು ಹನ್ನೊಂದು ಕಿಲೋಮೀಟರು ಆಚೆಗಿರುವ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಶಾಸನಗಳಲ್ಲಿ ಕೆರೆ, ತೋಂಟ, ಗದ್ದೆ, ಮತ್ತರುಗಳ ಎಲ್ಲೆಗಳನ್ನು ಹೇಳುವ ಸಾಲುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ದಾಟಿ ಓದುತ್ತಾರೆ. ಪ್ರಶಸ್ತಿ ಭಾಗದಲ್ಲಿ ಕಾವ್ಯ ಸಿಗುತ್ತದೆ, ಎಲ್ಲೆಯ ಭಾಗದಲ್ಲಿ ಸಿಗುವುದಿಲ್ಲ ಎಂಬುದು ಕಾರಣ. ದಕ್ಷಿಣ ಭಾರತದ ಶಾಸನಗಳ 20ನೆಯ ಸಂಪುಟದಲ್ಲಿರುವ ಲಕ್ಷ್ಮೇಶ್ವರದ ಬರಹಗಳ ಎಲ್ಲೆವಿವರಗಳನ್ನು ಇಂದಿನ ಗ್ರಾಮನಕ್ಷೆಯ ಮೇಲೆ ಇಟ್ಟು ನೋಡಿದರೆ, ಯಾವ ಕೆರೆ ಉಳಿದಿದೆ, ಯಾವುದು ಹೊಲವಾಗಿದೆ, ಯಾವುದು ಬಡಾವಣೆಯಾಗಿದೆ ಎಂಬುದು ತಿಳಿದೀತು. ಇದು ಒಬ್ಬ ಸಂಶೋಧನ ವಿದ್ಯಾರ್ಥಿ ಎರಡು ಮೂರು ವರ್ಷಗಳಲ್ಲಿ ಮುಗಿಸಬಹುದಾದ ಕೆಲಸ. 'ಪಂಪನ ಕಾವ್ಯದಲ್ಲಿ ದೇಸಿ' ಎಂಬ ವಿಷಯದ ಮೇಲೆ ಮತ್ತೊಂದು ಮಹಾಪ್ರಬಂಧ ಬರೆಯುವುದಕ್ಕಿಂತ ಇದರ ಉಪಯುಕ್ತತೆ ಹೆಚ್ಚು.

ಊರಿನೊಳಗಿನ ಭೂಗೋಳವೂ ಹೀಗೆಯೇ ಕಾದಿದೆ. ಇಲ್ಲಿನ ಓಣಿಗಳಿಗೆ ಬಸ್ತಿಬಣ, ದೇಸಾಯಿಬಣ, ಹಿರೇಬಣ ಎಂಬ ಹೆಸರುಗಳಿವೆ. ಬಣ ಎಂಬ ಪದ ಪಕ್ಷ, ಗುಂಪು ಎಂಬ ಅರ್ಥದಲ್ಲಿ ಪತ್ರಿಕೆಗಳ ಭಾಷೆಯಲ್ಲಿ ಪರಿಚಿತ. ಪಟ್ಟಣದ ವಿಭಾಗವೆಂಬ ಅರ್ಥದಲ್ಲಿ ಅದು ಇಲ್ಲಿ ಬದುಕಿದೆ. ಒಂದು ಬಣ ಬಸದಿಯ ಹೆಸರಿನದು, ಇನ್ನೊಂದು ದೇಸಗತಿಯ ಹೆಸರಿನದು. ಎರಡು ಬೇರೆ ಕಾಲಗಳ ಅಧಿಕಾರ ಕೇಂದ್ರಗಳು ವಾಸಸ್ಥಳದ ಹೆಸರಿನಲ್ಲಿ ಪಕ್ಕಪಕ್ಕ ನಿಂತಿವೆ. ಪುರಸಭೆಗಳು ಓಣಿಗಳಿಗೆ ವಾರ್ಡಿನ ಸಂಖ್ಯೆ ಕೊಟ್ಟು, ಹೊಸ ಬಡಾವಣೆಗಳಿಗೆ ನಾಯಕರ ಹೆಸರಿಡುತ್ತ ಹೋದಂತೆ ಇಂಥ ಹೆಸರುಗಳು ಮೊದಲು ಕಾಗದದಿಂದ, ಆಮೇಲೆ ಬಾಯಿಂದ ಜಾರುತ್ತವೆ. ಯಾವುದೇ ಪುರಸಭೆಯಲ್ಲಿರುವ ಹಳೆಯ ಮನೆಪಟ್ಟಿ, ಠರಾವು ಪುಸ್ತಕ, ಜನನ-ಮರಣದ ನೋಂದಣಿಗಳು ಕನ್ನಡ ಸಂಶೋಧನೆಯ ಆಕರಗಳೆಂದು ಇನ್ನೂ ಪರಿಗಣಿತವಾಗಿಲ್ಲ. ಕಸುಬಿನ ಹೆಸರು, ಅಡ್ಡಹೆಸರು, ಸಂಸ್ಥಾನದ ಮರಾಠಿಯಿಂದ ಕನ್ನಡಕ್ಕೆ ತಿರುಗಿದ ಆಡಳಿತ ಪದಗಳು ದೊರೆಯಬಹುದಾದ ಸ್ಥಳ ಅದೇ. ತಿರುಳ್ಗನ್ನಡದ ಊರಿನಲ್ಲಿ ಇಂದು ಆಡುವ ಕನ್ನಡದ ಸಮೀಕ್ಷೆಯನ್ನು ಬಣಬಣಗಳಲ್ಲಿ, ಕಸುಬು ಮತ್ತು ಸಮುದಾಯಗಳ ಭೇದವನ್ನು ಗಮನಿಸುತ್ತ ಕೈಗೊಂಡರೆ ಪಂಪನ ಮಾತಿಗೆ ಅದರಿಂದ ಪುರಾವೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಮನೆಯಲ್ಲಿ ಉರ್ದು ಆಡಿ ಪೇಟೆಯಲ್ಲಿ ಕನ್ನಡ ಆಡುವವರ ನುಡಿಯೂ ಆ ಸಮೀಕ್ಷೆಯಲ್ಲಿ ಸೇರತಕ್ಕದ್ದು.

ಹೊಸ ತಾಲ್ಲೂಕುಗಳು ರಚನೆಯಾದ ಮೇಲೆ ತಾಲ್ಲೂಕು ದರ್ಶನ, ಸ್ಮರಣ ಸಂಚಿಕೆ, ಸಾಹಿತ್ಯ ಸಮ್ಮೇಳನದ ಹೊತ್ತಗೆಗಳು ಎಲ್ಲೆಡೆ ಪ್ರಕಟವಾಗುತ್ತಿವೆ. ಲಕ್ಷ್ಮೇಶ್ವರದ ಬಗೆಗೂ ಬರಹಗಳು ಹೆಚ್ಚುತ್ತವೆ. ಅವುಗಳಿಗೆ ಲೇಖನ ಬರೆದುಕೊಡುವವರು ಬಹುಮಟ್ಟಿಗೆ ಕಾಲೇಜುಗಳ ಕನ್ನಡ ಅಧ್ಯಾಪಕರೇ ಆಗಿರುತ್ತಾರೆ. ಕವಿರಾಜಮಾರ್ಗದ ಪದ್ಯವನ್ನು ಮೊದಲ ಪುಟಕ್ಕೆ ಹಾಕುವ ಮುನ್ನ ಅವರು ನಕ್ಷೆಯನ್ನೊಮ್ಮೆ ಬಿಡಿಸಿ ನೋಡಲಿ. ಎರಡನೆಯ ಪುಟವನ್ನು ಯುವರಾಜ ವಿಕ್ರಮಾದಿತ್ಯನ ಕಂಬಕ್ಕೆ ಕೊಡಲಿ. 1617ರಿಂದ 1948ರ ವರೆಗಿನ ಕಾಲಕ್ಕೆ ಒಂದು ಪ್ಯಾರಾ ಬಿಟ್ಟು ಒಂದು ಅಧ್ಯಾಯವನ್ನಾದರೂ ಮೀಸಲಿಡಲಿ.